ಆಲೂಗಡ್ಡೆ ಮಂಡಿಯಿಂದ ಏರ್‌ಪೋರ್ಟ್‌ಗೆ: ಹಳೇ ಕೆಲಸವನ್ನೇ ಮೆಟ್ಟಿಲು ಮಾಡಿಕೊಳ್ಳುವುದು ಹೇಗೆ

ಏಪ್ರಿಲ್ ಮುಗಿದು ಮೇ ಬಂತೆಂದರೆ ಹಾಸನದ ಎಪಿಎಂಸಿಗೆ ಪಂಜಾಬಿನಿಂದ ಬಿತ್ತನೆ ಆಲೂಗಡ್ಡೆ ಲಾರಿಗಳು ಬರುತ್ತವೆ. ಅಲ್ಲೊಂದು ಮಂಡಿಯಲ್ಲಿ ನಾನು ನಾಲ್ಕು ವರ್ಷ ತೂಕ ಬರೆಯುತ್ತಿದ್ದೆ. ಲಾರಿಯನ್ನು ವೇಬ್ರಿಡ್ಜ್ ಹತ್ತಿಸುವುದು, ಚೀಟಿ ತರುವುದು, ಮೂಟೆ ಎಣಿಸುವುದು, ಖಾಲಿ ಲಾರಿಯ ತೂಕ ಕಳೆಯುವುದು, ಪುಸ್ತಕಕ್ಕೆ ಏರಿಸುವುದು. ಒಂದು ಮೂಟೆ ತಪ್ಪಿದರೂ ಸಂಜೆ ಸಾಹುಕಾರರು ಕನ್ನಡಕದ ಮೇಲಿಂದ ಒಂದು ಸಲ ನೋಡುತ್ತಿದ್ದರು. ಬೈದಿದ್ದರೆ ವಾಸಿ ಇತ್ತು.

ಈಗ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಲೋಡ್ ಶೀಟ್ ಮಾಡುತ್ತೇನೆ. ಊರಿಗೆ ಹೋದಾಗ ಅಮ್ಮನನ್ನು ಯಾರಾದರೂ "ಮಗ ಏನ್ ಕೆಲಸ ಮಾಡ್ತಾನೆ?" ಅಂತ ಕೇಳಿದರೆ, "ವಿಮಾನಕ್ಕೆ ತೂಕ ಬರೀತಾನಂತೆ" ಅನ್ನುತ್ತಾಳೆ. ಅದಕ್ಕಿಂತ ಸರಿಯಾಗಿ ನನಗೂ ಹೇಳಲು ಬರುವುದಿಲ್ಲ.

ಹಾಸನ, ಚಿಕ್ಕಮಗಳೂರು ಕಡೆಯ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಒಬ್ಬ ಗ್ಯಾರೇಜಿನಲ್ಲಿರುತ್ತಾನೆ, ಒಬ್ಬಳು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿರುತ್ತಾಳೆ, ಇನ್ನೊಬ್ಬ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಎಲ್ಲರ ಮಾತೂ ಒಂದೇ ಥರ ಶುರುವಾಗುತ್ತದೆ: "ಅಣ್ಣ, ನನಗೆ ಏವಿಯೇಷನ್ ಏನೂ ಗೊತ್ತಿಲ್ಲ, ಮೊದಲಿಂದ ಶುರು ಮಾಡ್ಬೇಕು." ನಾನು ಒಪ್ಪುವುದಿಲ್ಲ. ಈಗ ಮಾಡುತ್ತಿರುವ ಕೆಲಸದಲ್ಲೇ ಅರ್ಧ ದಾರಿ ಸಾಗಿರುತ್ತದೆ. ಯಾವ ಬಾಗಿಲು ತಟ್ಟಬೇಕು ಅನ್ನುವುದನ್ನು ಆ ಕೆಲಸವೇ ಹೇಳುತ್ತದೆ.

ಹೆಜ್ಜೆ 1: ಕೆಲಸದ ಹೆಸರು ಬಿಡಿ, ಕೈ ಏನು ಮಾಡುತ್ತದೆ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. "ಮಂಡಿ ಗುಮಾಸ್ತ", "ಮೆಕ್ಯಾನಿಕ್", "ಕಂಡಕ್ಟರ್" ಅಂತ ಬರೆಯಬೇಡಿ. ಬೆಳಗ್ಗೆಯಿಂದ ಸಂಜೆವರೆಗೆ ಏನೇನು ಮಾಡುತ್ತೀರಿ, ಅದನ್ನು ಬರೆಯಿರಿ. ನನ್ನ ಹಾಳೆಯಲ್ಲಿ ಇದ್ದದ್ದು ಇಷ್ಟು: ಗಡಿಬಿಡಿಯಲ್ಲೂ ಲೆಕ್ಕ ತಪ್ಪಿಸುವುದಿಲ್ಲ. ಹಮಾಲರ ಜೊತೆ ಮಾತಾಡಿ ಕೆಲಸ ತೆಗೆಯುತ್ತೇನೆ. ರಾತ್ರಿ ಪಾಳಿ ಅಭ್ಯಾಸ ಇದೆ. ಬರೆದದ್ದಕ್ಕೆ ಸಹಿ ಹಾಕುತ್ತೇನೆ, ಸಹಿ ಹಾಕಿದ್ದಕ್ಕೆ ಜವಾಬು ಕೊಡುತ್ತೇನೆ. ಕೊನೆಯದನ್ನು ಸುಮ್ನೆ ಸೇರಿಸಿದ್ದೆ. ಆಮೇಲೆ ನೋಡಿದರೆ ಈ ಕ್ಷೇತ್ರದಲ್ಲಿ ಎಲ್ಲಕ್ಕಿಂತ ಜಾಸ್ತಿ ಬೆಲೆ ಇರುವುದು ಅದಕ್ಕೇ.

ಇದು ನಾನು ಕಂಡುಹಿಡಿದ ದಾರಿಯೇನಲ್ಲ. ವಿಮಾನ ಹುಟ್ಟಿದ್ದೇ ಸೈಕಲ್ ಅಂಗಡಿಯಲ್ಲಿ. ರೈಟ್ ಸಹೋದರರು ಅಮೆರಿಕದ ಡೇಟನ್‌ನಲ್ಲಿ ಮೊದಲು ಪ್ರೆಸ್ ನಡೆಸಿದರು, ಆಮೇಲೆ ಸೈಕಲ್ ಮಾರಿ ರಿಪೇರಿ ಮಾಡಿದರು. 1903ರ ಡಿಸೆಂಬರ್ 17ರಂದು 12 ಸೆಕೆಂಡು ಹಾರಿದ ಅವರ ವಿಮಾನದಲ್ಲಿ ಇಂಜಿನ್‌ನಿಂದ ಪ್ರೊಪೆಲ್ಲರ್‌ಗೆ ಶಕ್ತಿ ಹೋಗುತ್ತಿದ್ದದ್ದು ಚೈನು ಮತ್ತು ಹಲ್ಲುಚಕ್ರದ ಮೂಲಕ. ಸೈಕಲ್ ಅಂಗಡಿಯವರಿಗೆ ಇನ್ನೇನು ಹೊಳೆಯುತ್ತದೆ ಹೇಳಿ! ಇಂಜಿನ್ ಮಾಡಿಕೊಟ್ಟವನೂ ಅದೇ ಅಂಗಡಿಯ ಮೆಕ್ಯಾನಿಕ್, ಚಾರ್ಲಿ ಟೇಲರ್. ಸುಮಾರು ಆರೇ ವಾರದಲ್ಲಿ ಮುಗಿಸಿದ. ಬೆಸ್ಸಿ ಕೋಲ್ಮನ್ ಶಿಕಾಗೋದ ಕ್ಷೌರದಂಗಡಿಯಲ್ಲಿ ಗಿರಾಕಿಗಳ ಉಗುರು ತಿದ್ದುತ್ತಿದ್ದ ಕಪ್ಪು ಹೆಣ್ಣುಮಗಳು. ಅವಳ ಊರಿನಲ್ಲಿ ಯಾರೂ ಕಲಿಸಲು ಒಪ್ಪಲಿಲ್ಲ ಅಂತ ಫ್ರೆಂಚ್ ಕಲಿತು, ಫ್ರಾನ್ಸಿಗೆ ಹೋಗಿ 1921ರಲ್ಲಿ ಪೈಲಟ್ ಲೈಸೆನ್ಸ್ ತಂದಳು. 1930ರಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಬ್ಬಳೇ ಹಾರಿದ ಏಮಿ ಜಾನ್ಸನ್ ಲಂಡನ್ನಿನ ವಕೀಲರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳು.

ದೂರದವರ ಮಾತು ಸಾಕು ಅನ್ನುವವರಿಗೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಇದ್ದಾರೆ. ಸೈನ್ಯ ಬಿಟ್ಟು ಬಂದು ಜಾವಗಲ್ ಹತ್ತಿರ ತೋಟ ಮಾಡಿದರು, ರೇಷ್ಮೆ ಬೆಳೆದರು. ಹಾಸನದಲ್ಲಿ ಎನ್‌ಫೀಲ್ಡ್ ಬೈಕಿನ ಡೀಲರ್‌ಶಿಪ್ ಇಟ್ಟರು, ಹೋಟೆಲ್ ನಡೆಸಿದರು. ಅದೆಲ್ಲ ಆದ ಮೇಲೆ 1990ರ ದಶಕದಲ್ಲಿ ಹೆಲಿಕಾಪ್ಟರ್ ಕಂಪನಿ, 2003ರಲ್ಲಿ ಕಡಿಮೆ ದರದ ವಿಮಾನ ಕಂಪನಿ ಏರ್ ಡೆಕ್ಕನ್. ನಮ್ಮೂರಿನಲ್ಲಿ ಅವರ ಕಥೆ ಹೇಳುವವರೆಲ್ಲ ವಿಮಾನದಿಂದ ಶುರು ಮಾಡುತ್ತಾರೆ. ನನಗೆ ಬೈಕ್ ಶೋರೂಮ್ ಮತ್ತು ಹೋಟೆಲಿನ ಭಾಗವೇ ಇಷ್ಟ. ಕಡಿಮೆ ದುಡ್ಡಿನ ಗಿರಾಕಿಗೆ ಏನು ಬೇಕು ಅನ್ನುವುದನ್ನು ಆ ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ ಕಲಿತಿರಬೇಕು ಅಂತ ನನ್ನ ಅನಿಸಿಕೆ.

ಹೆಜ್ಜೆ 2: ನಿಮ್ಮ ಕೆಲಸಕ್ಕೆ ಒಪ್ಪುವ ಬಾಗಿಲು ಹುಡುಕಿ

ತೂಕ, ಲೆಕ್ಕ, ಸರಕು ಗೊತ್ತಿದ್ದವರಿಂದ ಶುರು ಮಾಡುತ್ತೇನೆ. ನನ್ನದೇ ಬಾಗಿಲು, ಸ್ವಲ್ಪ ಉದ್ದ ಆಗುತ್ತದೆ.

ವಿಮಾನದಲ್ಲಿ ಒಟ್ಟು ತೂಕ ಎಷ್ಟು ಅನ್ನುವುದು ಅರ್ಧ ಪ್ರಶ್ನೆ. ಆ ತೂಕ ಎಲ್ಲಿ ಕೂತಿದೆ ಅನ್ನುವುದು ಉಳಿದರ್ಧ. ಎತ್ತಿನ ಗಾಡಿ ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಿಂದೆ ಹೇರು ಜಾಸ್ತಿಯಾದರೆ ಮೂಕಿ ಮೇಲೆ ಏಳುತ್ತದೆ, ಮುಂದೆ ಜಾಸ್ತಿಯಾದರೆ ಎತ್ತಿನ ಹೆಗಲು ಹೋಗುತ್ತದೆ. ಎಟಿಆರ್ ಅನ್ನುವ ಸಣ್ಣ ಪ್ರೊಪೆಲ್ಲರ್ ವಿಮಾನಕ್ಕೆ ಲೋಡ್ ಮಾಡುವಾಗ ಬಾಲದ ಕೆಳಗೆ ಒಂದು ಊರುಗೋಲು ನಿಲ್ಲಿಸುತ್ತಾರೆ. ಜನ ಹಿಂದಿನ ಬಾಗಿಲಿನಿಂದ ಹತ್ತುವಾಗ ಬಾಲ ಕುಸಿದು ಕೂರಬಾರದು ಅಂತ. ಕೆಲಸಕ್ಕೆ ಸೇರಿದ ಮೊದಲ ವಾರ ಆ ಕೋಲು ನೋಡಿ ನಗು ಬಂತು. ನಮ್ಮಜ್ಜನೂ ಗಾಡಿಗೆ ಅದನ್ನೇ ಮಾಡುತ್ತಿದ್ದ.

ಪ್ರಯಾಣಿಕರನ್ನು ಒಬ್ಬೊಬ್ಬರನ್ನೇ ತೂಗುವುದಿಲ್ಲ. ಕೈಚೀಲ ಸೇರಿ ದೊಡ್ಡವರಿಗೆ 75 ಕೆ.ಜಿ., ಮಕ್ಕಳಿಗೆ 35 ಕೆ.ಜಿ. ಅಂತ ಸರಾಸರಿ ಹಿಡಿದು ಲೆಕ್ಕ ಹಾಕುವುದು ರೂಢಿ. 150 ಜನ ದೊಡ್ಡವರು ಕೂತರೆ 11,250 ಕೆ.ಜಿ. ನನ್ನ ತಲೆ ಈಗಲೂ ಅದನ್ನು 50 ಕೆ.ಜಿ.ಯ 225 ಮೂಟೆ ಅಂತಲೇ ಓದುತ್ತದೆ. ಒಂದು ಲಾರಿ ಲೋಡು. ಅದಕ್ಕೆ ಲಗೇಜು, ಸರಕು, ಇಂಧನ ಸೇರಿಸಬೇಕು. ಏರ್‌ಬಸ್ ಎ320 ನಿಯೋದಂಥ ವಿಮಾನ ಹೆಚ್ಚೆಂದರೆ 79 ಟನ್ ತೂಕದಲ್ಲಿ ನೆಲ ಬಿಡಬಹುದು, ಆ ಮಿತಿಯೊಳಗೆ ಎಲ್ಲವೂ ಕೂರಬೇಕು. ಮುಂದಿನ ಹೊಟ್ಟೆಗೆ ಎಷ್ಟು, ಹಿಂದಿನದಕ್ಕೆ ಎಷ್ಟು ಅಂತ ಹಂಚಿ, ಭಾರದ ನಡುಬಿಂದು ಮಿತಿಯ ಗೆರೆಗಳೊಳಗೆ ಬಿತ್ತಾ ಅಂತ ನೋಡಿ, ಕ್ಯಾಪ್ಟನ್‌ಗೆ ಶೀಟ್ ಕಳಿಸಬೇಕು. ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತದೆ. ಆದರೆ ಕೊನೇ ಗಳಿಗೆಯಲ್ಲಿ ಇಬ್ಬರು ಇಳಿದುಹೋದರೆ, ಅವರ ಮೂರು ಚೀಲ ಎಲ್ಲಿವೆ ಅಂತ ಹುಡುಕಿಸಿ ಶೀಟ್ ತಿದ್ದುವವನು ಮನುಷ್ಯನೇ.

ಈ ಕೆಲಸಕ್ಕೆ ಯಾರೂ ನೇರವಾಗಿ ಬರುವುದು ಕಡಿಮೆ. ನಿಲ್ದಾಣದಲ್ಲಿ ಲಗೇಜು ಹತ್ತಿಸಿ ಇಳಿಸುವಂಥ ಕೆಲಸ ನೋಡಿಕೊಳ್ಳುವ ಗ್ರೌಂಡ್ ಹ್ಯಾಂಡ್ಲಿಂಗ್ ಕಂಪನಿಯಲ್ಲೋ ಕಾರ್ಗೋದಲ್ಲೋ ಮೊದಲು ಸೇರಬೇಕು. ಒಳಗಿದ್ದುಕೊಂಡು ಅಪಾಯಕಾರಿ ಸರಕಿನ ತರಬೇತಿ, ಆಮೇಲೆ ಲೋಡ್ ಕಂಟ್ರೋಲ್ ತರಬೇತಿ. ನಾನು ಬಿ.ಕಾಂ. ಮಾಡಿಕೊಂಡು ಲಗೇಜು ಟ್ರಾಲಿ ಎಳೆಯುವ ಜಾಗದಿಂದ ಶುರು ಮಾಡಿದೆ. ನೆಂಟರಿಗೆ ಬೇಜಾರಾಯಿತು, ನನಗಿಲ್ಲ.

ಗ್ಯಾರೇಜಿನವರ ವಿಷಯ ಬೇರೆ. ವಿಮಾನದ ಮೇಂಟೆನೆನ್ಸ್ ಇಂಜಿನಿಯರ್ ಆಗಬೇಕಾದರೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಇರಬೇಕು, ಇಲ್ಲವೇ ಇಂಜಿನಿಯರಿಂಗ್ ಡಿಪ್ಲೊಮಾ ಬೇಕು. ಡಿಜಿಸಿಎ (ವಿಮಾನಯಾನದ ನಿಯಮ, ಲೈಸೆನ್ಸ್ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಇಲಾಖೆ) ಮಾನ್ಯತೆ ಇರುವ ಸಂಸ್ಥೆಯಲ್ಲಿ ಓದಿ, ಮಾಡ್ಯೂಲ್ ಪರೀಕ್ಷೆಗಳನ್ನು ಬರೆಯಬೇಕು. ಪಾಸಾಗಲು 75 ಅಂಕ ಬೇಕು, 35ಕ್ಕೆ ಪಾಸಾಗಿ ಅಭ್ಯಾಸ ಇದ್ದವರು ಇದನ್ನು ಗಮನಿಸಿ. ಇಂಜಿನ್, ಬಾಡಿ ಕಡೆಯವರಿಗೆ ಬಿ1, ಎಲೆಕ್ಟ್ರಾನಿಕ್ಸ್ ಕಡೆಯವರಿಗೆ ಬಿ2. ಲೈಸೆನ್ಸ್ ಕೈಗೆ ಬರಲು ಓದಿನ ಜೊತೆ ವಿಮಾನದ ಮೇಲೆ ಕೆಲಸ ಮಾಡಿದ ಅನುಭವವೂ ದಾಖಲಾಗಿರಬೇಕು.

ಐಟಿಐ ಮಾಡಿದವರಿಗೆ ಇನ್ನೊಂದು ದಾರಿ ಎಚ್‌ಎಎಲ್ ಅಪ್ರೆಂಟಿಸ್. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್, ವೆಲ್ಡರ್ ಮುಂತಾದ ಟ್ರೇಡುಗಳಿಗೆ ಕರೆಯುತ್ತಾರೆ. ಬೆಂಗಳೂರು ಅಂತಲೇ ಯೋಚಿಸಬೇಡಿ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. ಅರಸೀಕೆರೆ, ಕಡೂರು ಕಡೆಯವರು ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ದಾಟುವ ಅದೇ ಗುಬ್ಬಿ.

ಗ್ಯಾರೇಜಿನಲ್ಲಿ ಕಲಿತ ಒಂದನ್ನು ಮಾತ್ರ ಮರೆಯಬೇಕಾಗುತ್ತದೆ: ಕೈ ಅಂದಾಜು. ನಮ್ಮೂರ ಮೇಸ್ತ್ರಿಗಳು ಬೋಲ್ಟ್ ಬಿಗಿ ಮಾಡಿ "ಸಾಕು" ಅನ್ನುತ್ತಾರಲ್ಲ, ಅದು ಇಲ್ಲಿ ನಡೆಯುವುದಿಲ್ಲ. ಪುಸ್ತಕದಲ್ಲಿ ಎಷ್ಟು ಹೇಳಿದೆಯೋ ಅಷ್ಟನ್ನು ಟಾರ್ಕ್ ರೆಂಚ್‌ನಲ್ಲಿ ಇಟ್ಟೇ ತಿರುಗಿಸಬೇಕು. ಎಷ್ಟೋ ಕಡೆ ಬೋಲ್ಟು ಕಳಚದಂತೆ ಅದರ ತಲೆಗೆ ತಂತಿ ಸುತ್ತಿ ಬಿಗಿಯಬೇಕು, ಆ ತಂತಿ ಯಾವ ಕಡೆಗೆ ಎಳೆಯಬೇಕು ಅನ್ನುವುದಕ್ಕೂ ನಿಯಮ ಇದೆ. ಉಪಕರಣದ ಹಲಗೆಯ ಮೇಲೆ ಪ್ರತಿ ಸ್ಪ್ಯಾನರಿನ ಆಕಾರ ಕೊರೆದಿರುತ್ತದೆ. ಸಂಜೆ ಒಂದು ಗೂಡು ಖಾಲಿ ಕಂಡರೆ ಆ ಸ್ಪ್ಯಾನರ್ ಸಿಗುವವರೆಗೆ ವಿಮಾನ ಹೊರಡುವುದಿಲ್ಲ. "ಎಲ್ಲೋ ಬಿದ್ದಿರುತ್ತೆ ಬಿಡಣ್ಣ" ಅನ್ನುವ ಮಾತಿಗೆ ಜಾಗವೇ ಇಲ್ಲ, ಯಾಕೆಂದರೆ ಆ "ಎಲ್ಲೋ" ಇಂಜಿನ್ ಒಳಗೂ ಇರಬಹುದು.

ಕಾಫಿ ಎಸ್ಟೇಟಿನ ರೈಟರ್‌ಗಳಿಗೆ ತಮ್ಮ ಬೆಲೆಯೇ ಗೊತ್ತಿಲ್ಲ. ಮೂಡಿಗೆರೆ ಕಡೆಯ ನನ್ನ ಗೆಳೆಯನೊಬ್ಬ ಆರು ವರ್ಷ ರೈಟರ್ ಆಗಿದ್ದ. ಆಳುಗಳ ಹಾಜರಿಯ ಮಸ್ಟರ್ ಬರೆಯುವುದರ ಜೊತೆಗೆ ದಿನಾ ಬೆಳಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟಿನ ಲೆಕ್ಕದಲ್ಲಿ ಬರೆದಿಡುವುದು ಅವನ ಕೆಲಸ. ಮಾರ್ಚ್, ಏಪ್ರಿಲ್‌ನ ಹೂಮಳೆ ಎಷ್ಟು ಸೆಂಟು ಬಿತ್ತು ಅನ್ನುವುದರ ಮೇಲೆ ಇಡೀ ವರ್ಷದ ಫಸಲು ನಿಂತಿರುತ್ತದೆ. ಕಣದಲ್ಲಿ ಕಾಫಿ ಒಣಗಲು ಹಾಕಿ ಮೋಡ ನೋಡುತ್ತಾ ಕೂತವನು ಅವನು. ಈಗ ಒಂದು ಏರ್‌ಲೈನಿನ ಫ್ಲೈಟ್ ಡಿಸ್ಪ್ಯಾಚ್‌ನಲ್ಲಿದ್ದಾನೆ. ವಿಮಾನ ಹೊರಡುವ ಮೊದಲು ದಾರಿ, ಹವೆ, ಇಂಧನ, ಇಳಿಯಲಾಗದಿದ್ದರೆ ಬದಲಿ ನಿಲ್ದಾಣ ಯಾವುದು, ಇದೆಲ್ಲ ಸಿದ್ಧ ಮಾಡಿಕೊಡುವ ಕೆಲಸ. ಏರ್‌ಲೈನ್ ತರಬೇತಿ ಕೊಡುತ್ತದೆ, ಡಿಜಿಸಿಎ ಒಪ್ಪಿಗೆ ಸಿಗಬೇಕು. ಅರ್ಧ ಗಂಟೆಗೊಮ್ಮೆ ಬರುವ ಹವಾ ವರದಿಯಲ್ಲಿ ಉಷ್ಣಾಂಶ ಮತ್ತು ಇಬ್ಬನಿ ಬಿಂದು (ಗಾಳಿಯ ತೇವ ಹನಿಯಾಗಲು ಶುರುವಾಗುವ ಉಷ್ಣಾಂಶ) ಎರಡೂ ಹತ್ತಿರ ಹತ್ತಿರ ಬಂದರೆ ಮಂಜು ಕವಿಯುವ ಸೂಚನೆ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿ ಬೆಳಗಿನ ಜಾವ ಇದು ಮಾಮೂಲಿ ತಲೆನೋವು. "ಕಣದ ಮೇಲೆ ಟಾರ್ಪಾಲ್ ಹಾಕ್ಬೇಕಾ ಬೇಡ್ವಾ ಅಂತ ನೋಡ್ತಿದ್ದೆ, ಈಗ ಇದನ್ನ ನೋಡ್ತೀನಿ, ಅಷ್ಟೇ" ಅನ್ನುತ್ತಾನೆ.

ಬಸ್ಸಿನಲ್ಲಿ, ಹೋಟೆಲಿನಲ್ಲಿ, ಆಸ್ಪತ್ರೆಯಲ್ಲಿ ಜನರ ಜೊತೆ ಕೆಲಸ ಮಾಡಿದವರಿಗೆ ಕ್ಯಾಬಿನ್ ಸಿಬ್ಬಂದಿ, ಚೆಕ್-ಇನ್ ಕೌಂಟರ್. ಕ್ಯಾಬಿನ್ ಸಿಬ್ಬಂದಿ ಅಂದರೆ ಕಾಫಿ ಕೊಡುವವರು ಅಂದುಕೊಂಡವರೇ ಜಾಸ್ತಿ. ಪ್ರತಿ 50 ಸೀಟಿಗೆ ಒಬ್ಬರು ಇರಲೇಬೇಕು ಅಂತ ನಿಯಮ ಇರುವುದು ಕಾಫಿಗಾಗಿ ಅಲ್ಲ. ಹೊಸ ಮಾದರಿಯ ದೊಡ್ಡ ವಿಮಾನಕ್ಕೆ ಒಪ್ಪಿಗೆ ಕೊಡುವಾಗ, ಅರ್ಧ ಬಾಗಿಲು ಮಾತ್ರ ತೆರೆದು 90 ಸೆಕೆಂಡಿನಲ್ಲಿ ಎಲ್ಲರನ್ನೂ ಹೊರಗೆ ಕಳಿಸಿ ತೋರಿಸಬೇಕು. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಹಬ್ಬದ ಹಿಂದಿನ ರಾತ್ರಿ ಧರ್ಮಸ್ಥಳದ ಬಸ್ಸಿಗೆ ಜನ ಹತ್ತಿಸಿದ ಕಂಡಕ್ಟರ್‌ಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಏರ್‌ಲೈನ್‌ಗಳು ಹೊಸಬರನ್ನು ತೆಗೆದುಕೊಳ್ಳುವಾಗ ವಯಸ್ಸು, ಎತ್ತರ ನೋಡುತ್ತವೆ. ಮೂವತ್ತು ದಾಟಿದ್ದರೆ ನೆಲದ ಮೇಲಿನ ಕೆಲಸವೇ ಸರಿ. ಲಾರಿ, ಬಸ್ ಓಡಿಸಿದವರಿಗೂ ಒಳಗೆ ಕೆಲಸ ಇದೆ. ಹೆವಿ ಲೈಸೆನ್ಸ್ ಜೊತೆ ನಿಲ್ದಾಣದವರು ಕೊಡುವ ಬೇರೆ ಪರವಾನಗಿ ಬೇಕು, ವಿಮಾನ ಎದುರಾದರೆ ಯಾವಾಗಲೂ ನೀವೇ ನಿಲ್ಲಬೇಕು. ಹಾರ್ನ್ ಹೊಡೆದು ನುಗ್ಗುವ ಹಾಗಿಲ್ಲ.

ಬಿ.ಎಸ್ಸಿ.ಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಓದಿ ಪಾಠ ಮಾಡುತ್ತಿರುವವರು, ಅಥವಾ ಇಂಜಿನಿಯರಿಂಗ್ ಮುಗಿಸಿದವರು ಏರ್ ಟ್ರಾಫಿಕ್ ಕಂಟ್ರೋಲ್ ಕಡೆ ನೋಡಿ. ಏರ್‌ಪೋರ್ಟ್ಸ್ ಅಥಾರಿಟಿಯ ಜೂನಿಯರ್ ಎಕ್ಸಿಕ್ಯುಟಿವ್ ಹುದ್ದೆ ಅದು. ಸಾಮಾನ್ಯ ವರ್ಗಕ್ಕೆ ವಯಸ್ಸಿನ ಮಿತಿ 27, ಮೀಸಲಾತಿ ಇರುವವರಿಗೆ ರಿಯಾಯಿತಿ ಇದೆ. ಲಿಖಿತ ಪರೀಕ್ಷೆ ಆದ ಮೇಲೆ ಧ್ವನಿ ಪರೀಕ್ಷೆಯೂ ಇರುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಹಿಂದಿನ ಬೆಂಚಿಗೂ ಕೇಳುವ ಹಾಗೆ ಬಿಡಿಸಿ ಹೇಳುವವರು ಇಲ್ಲಿ ಗೆಲ್ಲುತ್ತಾರೆ. ರೇಡಿಯೋದಲ್ಲಿ "ನೈನ್" ಅನ್ನುವುದಿಲ್ಲ, "ನೈನರ್" ಅನ್ನುತ್ತಾರೆ. "ಥ್ರೀ" ಅನ್ನುವುದಿಲ್ಲ, "ಟ್ರೀ". ನಮ್ಮ ಕಡೆಯ ಉಚ್ಚಾರಣೆ ಅಂತ ಕಾಲೇಜಿನಲ್ಲಿ ನಗಿಸಿಕೊಂಡವರಿಗೆ ಇಲ್ಲಿ ಸ್ವಲ್ಪ ಸಮಾಧಾನ.

ಜಮೀನಿನಲ್ಲಿ ಇರುವವರು ಊರು ಬಿಡಲೇಬೇಕು ಅಂತಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ 18 ತುಂಬಿ, ಹತ್ತನೇ ತರಗತಿ ಪಾಸಾಗಿದ್ದರೆ ಮಾನ್ಯತೆ ಇರುವ ಕೇಂದ್ರದಲ್ಲಿ ತರಬೇತಿ ಪಡೆದು ರಿಮೋಟ್ ಪೈಲಟ್ ಪ್ರಮಾಣಪತ್ರ ತೆಗೆದುಕೊಳ್ಳಬಹುದು. ಔಷಧಿ ಹೊಡೆಯುವ 10 ಲೀಟರಿನ ಡ್ರೋನ್‌ಗಳು ಸಾಮಾನ್ಯವಾಗಿ 2ರಿಂದ 25 ಕೆ.ಜಿ.ಯ ವರ್ಗಕ್ಕೆ ಬರುತ್ತವೆ. ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳಿಗೆ ಅಂತ ಕೇಂದ್ರ ಸರ್ಕಾರ 2023ರಲ್ಲಿ ಡ್ರೋನ್ ದೀದಿ ಯೋಜನೆ ತಂದಿತು, ಡ್ರೋನ್ ಬೆಲೆಯಲ್ಲಿ ಶೇ. 80ರವರೆಗೆ, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನ. ಶುಂಠಿ, ಆಲೂಗಡ್ಡೆ ಹೊಲದಲ್ಲಿ ಬೆನ್ನಿಗೆ ಕ್ಯಾನ್ ಕಟ್ಟಿಕೊಂಡು ನಡೆದವರಿಗೆ ಎಷ್ಟು ಎತ್ತರದಿಂದ, ಯಾವ ಗಾಳಿಯಲ್ಲಿ ಹೊಡೆಯಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಹೆಜ್ಜೆ 3: ಪೈಲಟ್ ಆಗಬೇಕೆಂದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ

ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 18 ವರ್ಷ ತುಂಬಿರಬೇಕು, ಪಿಯುಸಿಯಲ್ಲಿ ಫಿಸಿಕ್ಸ್ ಮತ್ತು ಮ್ಯಾಥ್ಸ್ ಇರಬೇಕು ಅಂತ ನಿಯಮ. ಕಾಮರ್ಸ್ ಓದಿದವರು ಆ ಎರಡು ವಿಷಯವನ್ನು ಓಪನ್ ಸ್ಕೂಲ್ ಮೂಲಕ ಕಟ್ಟಿ ಪಾಸು ಮಾಡಿಕೊಂಡು ಬಂದದ್ದುಂಟು. ಅರ್ಹತೆಯ ನಿಯಮಗಳು ಆಗಾಗ ತಿದ್ದುಪಡಿ ಆಗುವುದರಿಂದ ಅರ್ಜಿ ಹಾಕುವ ದಿನ ಡಿಜಿಸಿಎ ವೆಬ್‌ಸೈಟನ್ನೇ ನೋಡಿ. ಹಾರಾಟ 200 ಗಂಟೆ, ಅದರಲ್ಲಿ 100 ಗಂಟೆ ನೀವೇ ಮುಖ್ಯ ಪೈಲಟ್ ಆಗಿ. ನ್ಯಾವಿಗೇಷನ್, ಹವಾಮಾನ, ನಿಯಮಾವಳಿ, ತಾಂತ್ರಿಕ ವಿಷಯಗಳ ಪರೀಕ್ಷೆಯಲ್ಲಿ ಶೇ. 70 ಬೇಕು. ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ್ದೇ ಹಾರಾಟ ತರಬೇತಿ ಶಾಲೆ ಇದೆ. ಖಾಸಗಿಯಲ್ಲಿ ಎಲ್ಲ ಸೇರಿ ಅರ್ಧ ಕೋಟಿಯ ಆಸುಪಾಸು ಖರ್ಚು ಬರುತ್ತದೆ.

ಅದಕ್ಕೇ ಡಾಕ್ಟರ್ ಮೊದಲು ಅನ್ನುವುದು. ಹೊಳೆನರಸೀಪುರದ ಕಡೆಯ ಹುಡುಗನೊಬ್ಬ ತೆಂಗಿನ ತೋಟದ ಮೇಲೆ ಸಾಲ ತೆಗೆದು ಒಂದು ತರಬೇತಿ ಶಾಲೆಗೆ ಮುಂಗಡ ಕಟ್ಟಿದ. ಆಮೇಲೆ ಮೆಡಿಕಲ್‌ಗೆ ಹೋದ. ಬಣ್ಣದ ಚುಕ್ಕೆಗಳ ಪುಸ್ತಕ ತೆರೆದು ಇದರಲ್ಲಿ ಯಾವ ಅಂಕಿ ಕಾಣುತ್ತದೆ ಅಂತ ಕೇಳಿದರು. ಅವನಿಗೆ ಚುಕ್ಕೆ ಕಂಡವು, ಅಂಕಿ ಕಾಣಲಿಲ್ಲ. ಇಪ್ಪತ್ನಾಲ್ಕು ವರ್ಷ ಅವನಿಗೂ ಗೊತ್ತಿರಲಿಲ್ಲ, ಮನೆಯವರಿಗೂ ಗೊತ್ತಿರಲಿಲ್ಲ. ಮುಂಗಡ ವಾಪಸ್ ಬರಲಿಲ್ಲ. ಹಾಸನದಲ್ಲೇ ಯಾವುದಾದರೂ ಕಣ್ಣಿನ ಡಾಕ್ಟರ್ ಹತ್ತಿರ ಐದು ನಿಮಿಷದಲ್ಲಿ ಆಗುವ ಪರೀಕ್ಷೆ ಅದು. ಕನ್ನಡಕ ಇದ್ದರೆ ಹೆದರಬೇಡಿ, ಹಾಕಿಕೊಂಡಾಗ ದೃಷ್ಟಿ ಸರಿ ಬಂದರೆ ಸಾಕು. ಡಿಜಿಸಿಎ ಪಟ್ಟಿಯಲ್ಲಿರುವ ಡಾಕ್ಟರ್ ಹತ್ತಿರ ಮೊದಲು ಕ್ಲಾಸ್ 2 ಮೆಡಿಕಲ್, ಆಮೇಲೆ ಕ್ಲಾಸ್ 1. ಎರಡೂ ಕೈಗೆ ಬಂದ ಮೇಲೆ ದುಡ್ಡಿನ ಮಾತು.

ಹೆಜ್ಜೆ 4: ಕಾಗದ ಪತ್ರ

ಏರ್‌ಪೋರ್ಟ್ ಒಳಗೆ ಕೆಲಸ ಮಾಡಲು ಪ್ರವೇಶ ಪಾಸ್ ಬೇಕು. ಅದಕ್ಕೆ ನಿಮ್ಮ ಹಿನ್ನೆಲೆ ತಪಾಸಣೆ ಆಗುತ್ತದೆ, ಪೊಲೀಸ್ ಪರಿಶೀಲನೆಯೂ ಸೇರಿ. ನಮ್ಮ ಕಡೆಯವರು ಸಿಕ್ಕಿಹಾಕಿಕೊಳ್ಳುವುದು ಅಪರಾಧದಿಂದ ಅಲ್ಲ, ಇನಿಷಿಯಲ್‌ನಿಂದ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ "ಮಂಜುನಾಥ ಎಚ್.ಆರ್.", ಆಧಾರ್‌ನಲ್ಲಿ "ಮಂಜುನಾಥ್ ರಂಗೇಗೌಡ", ಬ್ಯಾಂಕಿನಲ್ಲಿ "ಮಂಜು". ಮೂವರೂ ಒಬ್ಬರೇ ಅಂತ ನಿಮಗೆ ಗೊತ್ತು, ಕಂಪ್ಯೂಟರ್‌ಗೆ ಗೊತ್ತಿಲ್ಲ. ಅಂಕಪಟ್ಟಿಯನ್ನು ಮೂಲ ಅಂತ ಇಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಸರಿಮಾಡಿಸಿ. ಇದನ್ನು ಈ ವಾರವೇ ಶುರು ಮಾಡಿ.

ಎರಡನೆಯದು ಅನುಭವ ಪತ್ರ. ಮಂಡಿ, ಗ್ಯಾರೇಜು, ಎಸ್ಟೇಟುಗಳಲ್ಲಿ ಸಂಬಳ ಕೈಗೆ ಕೊಡುತ್ತಾರೆ, ಪೇ ಸ್ಲಿಪ್ ಇರುವುದಿಲ್ಲ. ಆದರೂ ಅಂಗಡಿಯ ಲೆಟರ್‌ಹೆಡ್ ಇರುತ್ತದೆ, ಅದರ ಮೇಲೆ ಜಿಎಸ್‌ಟಿ ಅಥವಾ ಎಪಿಎಂಸಿ ಪರವಾನಗಿ ಸಂಖ್ಯೆ ಇರುತ್ತದೆ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಏನು ಕೆಲಸ, ಯಾಕೆ ಬಿಟ್ಟರು, ಫೋನ್ ನಂಬರ್, ಸಹಿ, ಸೀಲು. ಇಷ್ಟಿದ್ದರೆ ಸಾಕು. ಎಸ್ಟೇಟಿನವರಿಗೆ ಪಿಎಫ್ ಸಂಖ್ಯೆ ಇದ್ದರೆ ಅದನ್ನೂ ಸೇರಿಸಿ. ನಡುವೆ ಎರಡು ವರ್ಷ ಅಪ್ಪನ ಜೊತೆ ಶುಂಠಿ ಬೆಳೆದಿದ್ದರೆ "ಸ್ವಂತ ಕೃಷಿ" ಅಂತಲೇ ಬರೆಯಿರಿ, ಪಹಣಿ ಜೊತೆಗಿಡಿ. ಖಾಲಿ ಬಿಟ್ಟರೆ ಅನುಮಾನ, ಸುಳ್ಳು ಬರೆದರೆ ಕೆಲಸ ಹೋಗುತ್ತದೆ.

ರೆಸ್ಯೂಮೆಯಲ್ಲಿ "ಮಂಡಿಯಲ್ಲಿ ಕೆಲಸ, 4 ವರ್ಷ" ಅಂತ ಒಂದು ಸಾಲು ಬರೆದು ಸುಮ್ಮನಾಗಬೇಡಿ. ನಾನು ಬರೆದದ್ದು: ಸೀಸನ್‌ನಲ್ಲಿ ದಿನಕ್ಕೆ 12ರಿಂದ 15 ಲಾರಿಗಳ ಒಟ್ಟು ತೂಕ, ಖಾಲಿ ತೂಕ ದಾಖಲಿಸುವುದು, 8 ಜನ ಹಮಾಲರಿಗೆ ಕೆಲಸ ಹಂಚುವುದು, ದಿನದ ಲೆಕ್ಕ ಅಂದೇ ಮುಗಿಸುವುದು. ಇಂಟರ್‌ವ್ಯೂನಲ್ಲಿ ಕೇಳಿದ ಮುಕ್ಕಾಲು ಪ್ರಶ್ನೆ ಆ ಸಾಲಿನ ಮೇಲೆಯೇ.

ಹೆಜ್ಜೆ 5: ದುಡ್ಡು ಕೇಳುವವರಿಂದ ದೂರ ಇರಿ

ಇದನ್ನು ಪೆಟ್ಟು ತಿಂದೇ ಹೇಳುತ್ತಿದ್ದೇನೆ. ಏರ್‌ಪೋರ್ಟ್ ಕೋರ್ಸ್, ಆರು ತಿಂಗಳು, ಕೆಲಸ ಗ್ಯಾರಂಟಿ ಅಂತ ಬೋರ್ಡು ಹಾಕಿದ್ದ ಒಂದು ಸಂಸ್ಥೆಗೆ ನಾನು 60,000 ರೂಪಾಯಿ ಕಟ್ಟಿದೆ. ಟೈ ಕಟ್ಟುವುದು, ಗುಡ್ ಮಾರ್ನಿಂಗ್ ಹೇಳುವುದು ಕಲಿಸಿದರು. ಕೊನೆಗೆ ಮಿನುಗುವ ಕಾಗದದ ಸರ್ಟಿಫಿಕೇಟ್ ಕೊಟ್ಟರು. ಇಂಟರ್‌ವ್ಯೂನಲ್ಲಿ ಅದನ್ನು ಮುಂದಿಟ್ಟೆ, ಅವರು ಪಕ್ಕಕ್ಕಿಟ್ಟು ಮಂಡಿಯ ಪತ್ರ ಓದಿದರು.

ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ. ಯೂನಿಫಾರ್ಮಿಗೆ, ಪಾಸಿಗೆ, ಡೆಪಾಸಿಟ್ಟಿಗೆ ಅಂತ ಯಾರಾದರೂ ಫೋನ್‌ಪೇ ಮಾಡಿಸಿದರೆ ಅದು ಮೋಸ. ಏರ್‌ಪೋರ್ಟ್ಸ್ ಅಥಾರಿಟಿಯ ಹುದ್ದೆಗಳು ಅವರದೇ ವೆಬ್‌ಸೈಟಿನಲ್ಲಿ ಬರುತ್ತವೆ, ಅಲ್ಲಿರುವ ಪರೀಕ್ಷಾ ಶುಲ್ಕ ಬಿಟ್ಟು ಬೇರೇನೂ ಇಲ್ಲ. ಯಾವ ಕೋರ್ಸಿಗೂ ಸೇರುವ ಮುನ್ನ ಒಂದೇ ಪ್ರಶ್ನೆ ಕೇಳಿ: "ಡಿಜಿಸಿಎ ಪಟ್ಟಿಯಲ್ಲಿ ನಿಮ್ಮ ಹೆಸರು ಎಲ್ಲಿದೆ, ತೋರಿಸಿ." ಪೈಲಟ್, ಮೇಂಟೆನೆನ್ಸ್, ಡ್ರೋನ್ ಮೂರಕ್ಕೂ ಪಟ್ಟಿ ಇದೆ. ಮಾತು ತಿರುಗಿಸಿದರೆ ಎದ್ದು ಬನ್ನಿ.

ಹೆಜ್ಜೆ 6: ಇಂಟರ್‌ವ್ಯೂನಲ್ಲಿ ತಪ್ಪನ್ನು ಹೇಳಿಕೊಳ್ಳಿ

"ಕೆಲಸದಲ್ಲಿ ಯಾವತ್ತಾದರೂ ದೊಡ್ಡ ತಪ್ಪು ಮಾಡಿದ್ದೀರಾ?" ಅಂತ ಕೇಳೇ ಕೇಳುತ್ತಾರೆ. ಇಲ್ಲ ಅಂದವರನ್ನು ನಂಬುವುದಿಲ್ಲ. ನಾನು ಎರಡು ಲಾರಿಯ ಚೀಟಿ ಕಥೆ ಹೇಳಿದೆ. ಒಂದು ಸಂಜೆ ಜೋರು ಮಳೆ. ಎರಡು ಲಾರಿಗಳ ಖಾಲಿ ತೂಕದ ಚೀಟಿ ಅದಲು ಬದಲಾಗಿ, ಅರಕಲಗೂಡಿನ ರೈತರೊಬ್ಬರ ಲೆಕ್ಕಕ್ಕೆ ಮೂರು ಕ್ವಿಂಟಲ್ ಜಾಸ್ತಿ ಬಿತ್ತು. ಅವರು ದುಡ್ಡು ಕೊಟ್ಟು ಹೊರಟುಹೋಗಿದ್ದರು. ರಾತ್ರಿ ಊಟಕ್ಕೆ ಕೂತಾಗ ಲಾರಿ ನಂಬರ್ ತಲೆಯಲ್ಲಿ ಸುಳಿದು ಗೊತ್ತಾಯಿತು. ಕೈ ತೊಳೆದು ಸಾಹುಕಾರರ ಮನೆಗೆ ಹೋದೆ. "ಬೆಳಗ್ಗೆ ಹೇಳಿದ್ರೆ ಆಗ್ತಿರ್ಲಿಲ್ವೇನೋ?" ಅಂದರು. "ಬೆಳಗ್ಗೆ ಹೊತ್ತಿಗೆ ಹೇಳೋ ಮನಸ್ಸು ಇರುತ್ತೋ ಇಲ್ವೋ ಸಾವ್ಕಾರ್ರೆ" ಅಂದೆ. ಅಲ್ಲಿಂದಲೇ ರೈತರಿಗೆ ಫೋನ್ ಮಾಡಿಸಿದರು.

ಇಂಟರ್‌ವ್ಯೂ ಮಾಡುತ್ತಿದ್ದ ಮೇಡಂ ಪೆನ್ನು ಕೆಳಗಿಟ್ಟರು. ವಿಮಾನ ಹೊರಟ ಮೇಲೆ ಶೀಟಿನಲ್ಲಿ ತಪ್ಪು ಕಂಡರೆ ಏನು ಮಾಡುತ್ತೀಯ ಅಂತ ಕೇಳಿದರು. ತಕ್ಷಣ ಹೇಳ್ತೀನಿ ಅಂದೆ. ಈ ಕ್ಷೇತ್ರದಲ್ಲಿ ತಪ್ಪನ್ನು ತಾನಾಗಿ ವರದಿ ಮಾಡಿದವನಿಗೆ ಪಾಠ ಹೇಳಿಕೊಡುತ್ತಾರೆ, ಮುಚ್ಚಿಟ್ಟವನನ್ನು ಮನೆಗೆ ಕಳಿಸುತ್ತಾರೆ.

ಇನ್ನೊಂದು ಮಾತು, ಮಲೆನಾಡಿನ ಕಡೆಯವರಿಗೆ ವಿಶೇಷವಾಗಿ. ಚಳಿಗೆ ಅಂತ ರಾತ್ರಿ ಒಂದು ಪೆಗ್ ಹಾಕುವ ಅಭ್ಯಾಸ ಇದ್ದರೆ ಡ್ಯೂಟಿಯ ಹಿಂದಿನ ರಾತ್ರಿ ಬೇಡವೇ ಬೇಡ. ಪೈಲಟ್, ಕ್ಯಾಬಿನ್ ಸಿಬ್ಬಂದಿಗೆ ಮಾತ್ರ ಉಸಿರಿನ ಪರೀಕ್ಷೆ ಅಂದುಕೊಳ್ಳಬೇಡಿ. ಮೇಂಟೆನೆನ್ಸ್‌ನವರನ್ನೂ, ಒಳಗೆ ಗಾಡಿ ಓಡಿಸುವವರನ್ನೂ ಹೇಳದೆ ಕೇಳದೆ ಕರೆದು ಊದಿಸುತ್ತಾರೆ. ಮೀಟರ್ ಸೊನ್ನೆ ತೋರಿಸಬೇಕು.

ಹೆಜ್ಜೆ 7: ಮೊದಲ ಆರು ತಿಂಗಳು

ನಮ್ಮ ಹಾಸನದ ಹತ್ತಿರ ಆಗಲಿದೆ ಅನ್ನುವ ಬೂವನಹಳ್ಳಿ ಏರ್‌ಪೋರ್ಟ್ ಮಾತನ್ನು ನಾವು ಎಷ್ಟೋ ಕಾಲದಿಂದ ಕೇಳುತ್ತಿದ್ದೇವೆ, ಅದನ್ನು ನಂಬಿಕೊಂಡು ಕಾಯಬೇಡಿ. ಹಾಸನದವರಿಗೆ ದೇವನಹಳ್ಳಿ ಅಥವಾ ಮಂಗಳೂರು; ಚಿಕ್ಕಮಗಳೂರು, ತರೀಕೆರೆ ಕಡೆಯವರಿಗೆ 2023ರಲ್ಲಿ ಶುರುವಾದ ಶಿವಮೊಗ್ಗ. ಶಿವಮೊಗ್ಗ ಚಿಕ್ಕದು, ಕೆಲಸಗಳೂ ಕಡಿಮೆ. ಆದರೆ ಚಿಕ್ಕ ನಿಲ್ದಾಣದಲ್ಲಿ ಒಬ್ಬನೇ ನಾಲ್ಕು ಕೆಲಸ ಕಲಿಯುತ್ತಾನೆ.

ದೇವನಹಳ್ಳಿಗೆ ಬರುವುದಾದರೆ ಬೆಂಗಳೂರಿನ ಮಧ್ಯೆ ನೆಂಟರ ಮನೆಯಲ್ಲಿ ಇಳಿದುಕೊಳ್ಳುವ ಯೋಚನೆ ಬಿಡಿ. ಬೆಳಗಿನ ಜಾವ ಮೂರು ಗಂಟೆಯ ಪಾಳಿಗೆ ವಿಜಯನಗರದಿಂದ ದಿನಾ ಬರಲು ಆಗುವುದಿಲ್ಲ. ಚಿಕ್ಕಜಾಲ, ಸಾದಹಳ್ಳಿ, ಯಲಹಂಕ ಕಡೆ ಇಬ್ಬರು ಮೂವರು ಸೇರಿ ರೂಮು ಮಾಡಿ. ಕಂಪನಿ ಗಾಡಿ ಎಲ್ಲಿಂದ ಹೊರಡುತ್ತದೆ ಅಂತ ಕೇಳಿಕೊಂಡು ಆಮೇಲೆ ಮನೆ ಹುಡುಕಿ. ನಾನು ಉಲ್ಟಾ ಮಾಡಿ ಮೂರು ತಿಂಗಳ ಬಾಡಿಗೆ ಕಳೆದುಕೊಂಡೆ. ಮೊದಲ ಸಂಬಳದಲ್ಲಿ ಒಂದು ಒಳ್ಳೆ ರೈನ್‌ಕೋಟ್ ಮತ್ತು ಗಟ್ಟಿ ಶೂ ತೆಗೆದುಕೊಳ್ಳಿ, ಬಯಲಿನ ಗಾಳಿ ನಮ್ಮ ಸಕಲೇಶಪುರದ ಗಾಳಿಗಿಂತ ಕಡಿಮೆಯೇನಲ್ಲ.

ಹಳೇ ಯಜಮಾನರಿಗೆ ಸೀಸನ್ ನಡುವೆ ಕೈ ಕೊಟ್ಟು ಬರಬೇಡಿ. ಹಿನ್ನೆಲೆ ತಪಾಸಣೆಯ ಫೋನ್ ಅವರಿಗೇ ಹೋಗುತ್ತದೆ. ನಾನು ಬಿತ್ತನೆ ಗಡ್ಡೆ ವ್ಯಾಪಾರ ಮುಗಿಸಿ, ಪುಸ್ತಕವನ್ನು ಇನ್ನೊಬ್ಬ ಹುಡುಗನಿಗೆ ಒಪ್ಪಿಸಿ, ಜೂನ್ ಕೊನೆಗೆ ಬಿಟ್ಟೆ.

ಮತ್ತೆ ರಜೆ. ದೀಪಾವಳಿಗೆ ವಿಮಾನಗಳೆಲ್ಲ ತುಂಬಿರುತ್ತವೆ, ನಮ್ಮ ಹಾಸನಾಂಬೆ ಬಾಗಿಲು ತೆರೆಯುವುದೂ ಆ ಹೊತ್ತಿಗೇ. ಹೊಸಬರಿಗೆ ಆಗ ರಜೆ ಸಿಗುವುದಿಲ್ಲ. ದರ್ಶನಕ್ಕೆ ಹೋಗಲೇಬೇಕು ಅಂತಿದ್ದರೆ ಆಗಸ್ಟ್‌ನಲ್ಲೇ ಅರ್ಜಿ ಬರೆದುಕೊಡಿ, ಅದೂ ದೀಪಾವಳಿ ದಿನಕ್ಕಲ್ಲ, ಸಾರ್ವಜನಿಕರಿಗೆ ದರ್ಶನ ಶುರುವಾದ ಮೊದಲ ಎರಡು ದಿನಕ್ಕೆ.